ಪ್ರಭು ಭೋಜನದ ದ್ರಾಕ್ಷಿ

ನನಗೆ ಹತ್ತು ವರ್ಷವಾಗಿದ್ದಾಗ ನಮ್ಮಪ್ಪ ಯಾಕೋಬಪ್ಪ ನನ್ನನ್ನು ಕಳ್ಳಿ ಎಂದ. ಅದನ್ನು ಇಂದಿಗೂ ಮರೆತಿಲ್ಲ, ಮರೆಯುವ ಜಾಯಮಾನವೂ ನನ್ನದಲ್ಲ. ಅದರ ಮರುದಿನ ಆದದ್ದನ್ನೂ ಮರೆತಿಲ್ಲ.

ಯರಗುಪ್ಪಿಯಲ್ಲಿ ನಮ್ಮದು ಹನ್ನೆರಡು ಮನೆಗಳ ಸಭೆ, ಹಂಚು ಹೊದಿಸಿದ ಪುಟ್ಟ ಚರ್ಚು. ತಿಂಗಳ ಮೊದಲನೇ ಭಾನುವಾರ ಹುಬ್ಬಳ್ಳಿಯಿಂದ ಪಾದ್ರಿ ಅಯ್ನೋರು ಬಸ್ಸಿನಲ್ಲಿ ಬಂದು ಪ್ರಭು ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡುತ್ತಿದ್ದರು. ಆ ರಸ ನಮ್ಮ ಮನೆಯದು. ಅಪ್ಪ ಕುಂದಗೋಳದಿಂದ ಒಣದ್ರಾಕ್ಷಿ ತಂದಿಟ್ಟು, ಶನಿವಾರ ನೆನೆಹಾಕಿ, ಕುದಿಸಿ, ಬಿಳಿ ಅರಿವೆಯಲ್ಲಿ ಹಿಂಡುತ್ತಿದ್ದ. ಸಭೆಯ ಹಿರಿಯನಾಗಿ ಬಟ್ಟಲು ಹಿಡಿಯುವವನೂ ಅವನೇ. ಆ ದಿನ ಮಾತ್ರ ಅವನ ಉಗುರಿನ ಸಂದಿಯಲ್ಲೂ ಹೊಲದ ಎರೆಮಣ್ಣು ಇರುತ್ತಿರಲಿಲ್ಲ.

ಎಂಬತ್ನಾಲ್ಕರ ಮುಂಗಾರಿನ ಒಂದು ಶನಿವಾರ ಅಪ್ಪ ಡಬ್ಬಿ ತೆಗೆದರೆ ದ್ರಾಕ್ಷಿ ಅರ್ಧಕ್ಕರ್ಧ ಇಲ್ಲ. ನಾನು ಬೆಲ್ಲ ತಿಂದ ಅಂಟು ಕೈಯನ್ನು ಲಂಗಕ್ಕೆ ಒರೆಸುತ್ತ ಎದುರಿಗೇ ನಿಂತಿದ್ದೆ.

"ದೇವರ ಪಾಲಿಂದು ತಿಂದೇನ ಬೇ, ಕಳ್ಳಿ!"

"ಇಲ್ಲಪ್ಪಾ, ನಾ ಬೆಲ್ಲಾ ತಿಂದೇನಿ!"

"ಸುಳ್ಳ ಬ್ಯಾರೆ ಹೇಳ್ತಿ?" ಎಂದು ಕಪಾಳಕ್ಕೆ ಬಾರಿಸಿದ.

ಅವ್ವ ಅಡ್ಡ ಬಂದಳು. ಉಳಿದ ದ್ರಾಕ್ಷಿಯಲ್ಲೇ ರಸ ತಯಾರಾಯಿತು. ನಾನು ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಕುಳಿತೆ.

ಆ ವರ್ಷ ರಂಜಾನ್ ಹಬ್ಬವೂ ಅದೇ ಭಾನುವಾರ ಬಂದಿತ್ತು. ನಾವು ಚರ್ಚಿಗೆ ಹೊರಡುವ ಹೊತ್ತಿಗೆ ಪಕ್ಕದ ಮನೆಯ ಖಾದರಬಿ ತಂಬಿಗೆ ತುಂಬ ಸುರಕುಂಬಾ, ಅದೇ ಶಾವಿಗೆಯ ಪಾಯಸ, ತಂದಳು.

"ನಿಮ್ಮ ದ್ರಾಕ್ಷಿನ ಹಾಕೇನ್ರಿ, ಯಾಕೋಬಣ್ಣಾ. ಮೊನ್ನಿ ಬಿತ್ತಾಕ ಹೊಂಟ ಗಡಿಬಿಡ್ಯಾಗ, ಡಬ್ಬ್ಯಾಗ ಅದಾವು ತಗೋ ಅಂದ್ರಲ್ಲಾ, ಅವ."

ಅಪ್ಪನ ಮುಖ ಬಿಳಿಚಿಕೊಂಡಿತು. ಹೇಳಿದ್ದನ್ನು ಪೂರಾ ಮರೆತಿದ್ದ. ನನ್ನತ್ತ ನೋಡಿದ. ನಾನು ಮೂತಿ ತಿರುವಿ ಮುಂದೆ ಮುಂದೆ ನಡೆದೆ.

ಭೋಜನಕ್ಕೆ ಮುಂಚೆ ಅಯ್ನೋರು ಪ್ರತಿಸಲವೂ ಹೇಳುತ್ತಿದ್ದರು: "ಯಾರ ಮ್ಯಾಲೆ ಯಾರಿಗರ ಮನಸ್ತಾಪ ಇದ್ರ, ಮೊದಲ ರಾಜಿ ಆಗಿ ಬರ್ರಿ." ಎಲ್ಲರೂ ತಲೆ ಬಗ್ಗಿಸುತ್ತಿದ್ದರು, ಯಾರೂ ಏಳುತ್ತಿರಲಿಲ್ಲ. ಬದುವಿಗಾಗಿ ಬಡಿದಾಡಿಕೊಂಡವರೂ ಏಳುತ್ತಿರಲಿಲ್ಲ. ಆ ದಿನ ಅಪ್ಪ ಎದ್ದ. ಗಂಡಸರ ಸಾಲು ದಾಟಿ ಹೆಂಗಸರ ಚಾಪೆಯ ಹತ್ತಿರ ಬಂದು, ನನ್ನ ಮುಂದೆ ಮಂಡಿಯೂರಿ ಕೈ ಮುಗಿದ.

"ಕರುಣಾ, ನಿನ್ನ ಸುಮ್ನ ಕಳ್ಳಿ ಮಾಡಿದೆ. ತಪ್ಪ ನಂದು. ಕ್ಷಮಾ ಮಾಡವ್ವಾ."

ಹೆಸರು ಕರುಣಾ, ಆದರೆ ನನ್ನಲ್ಲಿ ಅದರ ಲವಲೇಶವೂ ಇರಲಿಲ್ಲ. ತುಟಿ ಬಿಗಿದು ಕುಳಿತೆ.

"ಹೂಂ ಅನ್ನ ಬೇ!" ಎಂದು ಅವ್ವ ತಿವಿದಳು.

ಅಪ್ಪ ಅವಳನ್ನು ತಡೆದ. "ಒತ್ತಾಯ ಮಾಡಬ್ಯಾಡ. ಪೆಟ್ಟ ಬಿದ್ದದ್ದು ಆಕಿಗೆ."

ಬಟ್ಟಲು ಹಿಡಿಯುವ ಕೆಲಸವನ್ನು ಇನ್ನೊಬ್ಬ ಹಿರಿಯರಿಗೆ ಒಪ್ಪಿಸಿ, ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತ. ಅವನು ಹಿಂಡಿದ ರಸವನ್ನು ದೊಡ್ಡವರೆಲ್ಲ ಕುಡಿದರು, ಅವನೊಬ್ಬನೇ ಕುಡಿಯಲಿಲ್ಲ. ತೆರೆದ ಬಾಗಿಲಿನಿಂದ ಅವನ ಬೆನ್ನು ಕಾಣುತ್ತಿತ್ತು. ಗೆದ್ದೆ ಎಂದು ಹಿಗ್ಗಬೇಕಾದವಳಿಗೆ ಅಳು ಬಂತು.

ಮನೆಗೆ ಬಂದವಳೇ ಸುರಕುಂಬಾವನ್ನು ಬಟ್ಟಲಿಗೆ ಸುರಿದು ಅವನ ಮುಂದಿಟ್ಟೆ. ಅಪ್ಪ ಮುಟ್ಟಲಿಲ್ಲ.

"ಮೊದಲ ಹೇಳು. ಕ್ಷಮಾ ಮಾಡಿದೇನು?"

"ಹೂಂ. ಆದ್ರ ದ್ರಾಕ್ಷಿ ಎಲ್ಲಾ ನನಗ ಬೇಕು."

ಅಪ್ಪ ನಕ್ಕು ಕಣ್ಣೊರೆಸಿಕೊಂಡ. ಶಾವಿಗೆ ಸರಿಸಿ ಸರಿಸಿ, ಒಂದೊಂದೇ ದ್ರಾಕ್ಷಿ ಹೆಕ್ಕಿ ನನ್ನ ಬಾಯಿಗಿಟ್ಟ. ಕೊನೆಯದನ್ನು ನಾನು ಅವನ ಬಾಯಿಗಿಟ್ಟೆ.

ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು. ಇಂದಿಗೂ ದೇವರನ್ನು ತಂದೆ ಎಂದು ಕರೆದು ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ, ಮೆಟ್ಟಿಲ ಮೇಲೆ ನನ್ನ ಒಂದು 'ಹೂಂ'ಗಾಗಿ ಕಾದು ಕುಳಿತ ಆ ಬೆನ್ನೇ ನನಗೆ ಮೊದಲು ಕಾಣುವುದು.