ಮೇಲಿನ ಪೋರ್ಷನ್

ಬಸವಲಿಂಗಪ್ಪ ಬನಿಯನ್ನಿನ ಮೇಲೆಯೇ ಅಂಗಳಕ್ಕಿಳಿದು ಹಾಡಹಗಲಲ್ಲಿ ಗೇಟಿಗೆ ಬೀಗ ಜಡಿಯುತ್ತಿದ್ದ. ಅಡುಗೆಮನೆಯ ಕಿಟಕಿಯಿಂದ ಅದನ್ನು ಕಂಡ ಕಮಲಾಕ್ಷಿಗೆ ಏನೂ ಹೊಳೆಯಲಿಲ್ಲ. ಕೈಯಲ್ಲಿದ್ದ ಸೊಪ್ಪಿನ ಕಟ್ಟನ್ನು ಕೆಳಗಿಟ್ಟು ಹೊರಗೆ ಬಂದಳು.

"ಏನ್ರಿ, ಈಗ್ಯಾಕ ಕೀಲಿ ಹಾಕಾಕತ್ತೀರಿ?"

"ಫೋನ್ ಬಂದಿತ್ತು. ಮ್ಯಾಲಿನ ಹನುಮಂತರಾಯರು ಹೋದ್ರಂತ." ಅವನು ಕೀಲಿಕೈಯನ್ನು ಲುಂಗಿಯ ಮಡಿಕೆಯಲ್ಲಿ ಸಿಕ್ಕಿಸಿಕೊಂಡ. "ದವಾಖಾನಿಯಿಂದ ಸೀದಾ ಇಲ್ಲಿಗೇ ತರ್ತೀವಿ ಅನ್ನಾಕತ್ತಾರ. ಹೆಂಗ ತರ್ತಾರ? ನಾ ಒಳಗ ಬಿಡಾಂಗಿಲ್ಲ."

ಕಮಲಾಕ್ಷಿ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಹನುಮಂತರಾಯರು ರೈಲ್ವೆ ಗಾರ್ಡು. ರಾಯಚೂರಿನ ಕಡೆಯವರು. ತೆಲುಗು ನಾಡಿನ ಮಲ್ಕಾಜ್‌ಗಿರಿಯ ಈ ಮನೆಯ ಮೇಲಿನ ಪೋರ್ಷನ್ನಿನಲ್ಲಿ ಹೆಂಡತಿ ದಾನೇಶ್ವರಿಯೊಂದಿಗೆ ಹನ್ನೊಂದು ವರ್ಷದಿಂದ ಬಾಡಿಗೆಗಿದ್ದರು. ಮೂರು ದಿನದ ಹಿಂದೆ ಎದೆ ಹಿಡಿದುಕೊಂಡು ಈ ಮೆಟ್ಟಿಲನ್ನೇ ಇಳಿದು ಆಟೋ ಹತ್ತುವಾಗ, "ಅಕ್ಕಾರ, ಮ್ಯಾಲ ಹಾಲು ಕಾಯಾಕ ಇಟ್ಟೀವಿ, ಗ್ಯಾಸ್ ಬಂದ್ ಮಾಡ್ರಿ" ಎಂದು ಹೇಳಿ ಹೋಗಿದ್ದರು. ಅವಳು ಹತ್ತಿ ಹೋಗಿ ಗ್ಯಾಸು ಆರಿಸಿ, ಉಕ್ಕಿದ ಹಾಲನ್ನು ಒರೆಸಿ ಬಂದಿದ್ದಳು.

"ಅವರ ಮನಿಗೆ ಅವರನ್ನ ತರಬ್ಯಾಡ ಅಂದ್ರ ಹೆಂಗ್ರಿ?"

"ಈ ಊರಾಗ ಬಾಡಿಗಿಯವರ ಹೆಣಾನ ಯಾವ ಓನರ್ ಒಳಗ ತಗೋತಾನ, ತೋರಿಸು. ಆ ತುದಿ ಮನಿ ಗೊತ್ತಿಲ್ಲೇನ ನಿನಗ? ಒಂದು ಮುದುಕಿನ್ನ ತಂದು ಮಲಗಿಸಿದ್ದಕ್ಕ ಒಂದು ವರ್ಷ ಖಾಲಿ ಬಿತ್ತು. ಆಮ್ಯಾಲ ಅರ್ಧಾ ಬಾಡಿಗಿಗೆ ಕೊಟ್ಟ."

"ಸೂತಕ ಪಾತಕ ನಮಗಿಲ್ಲಂತ ಬಸವ ಜಯಂತಿಗೆ ಮೈಕ್ ಹಿಡದು ಮಾತಾಡ್ತೀರಲ್ಲ."

"ನಮಗಿಲ್ಲ. ಮಾರ್ಕೆಟ್ಟಿಗೆ ಐತಿ," ಎಂದ ಬಸವಲಿಂಗಪ್ಪ.

ಹಣೆಯ ಮೇಲೆ ಬೆಳಗಿನ ಪೂಜೆಯ ವಿಭೂತಿ ಇನ್ನೂ ಅಳಿಸಿಹೋಗಿರಲಿಲ್ಲ. ಕೇಂದ್ರ ಸರ್ಕಾರದ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಅವನಿಗೆ ಇದ್ದ ಉದ್ಯೋಗವೆಂದರೆ ಬಾಡಿಗೆ ನೋಡುವುದು. ತಾರ್ನಾಕದಲ್ಲಿ ಎಷ್ಟಾಯಿತು, ಹಿಮಾಯತ್‌ನಗರದಲ್ಲಿ ಹಳೆಯ ಮನೆ ಎಷ್ಟಕ್ಕೆ ಹೋಯಿತು ಎಂದು ಫೋನಿನ ಪರದೆಯನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕೂರುತ್ತಿದ್ದ. ಐಟಿಯ ಹುಡುಗರು ಈ ಕಡೆಗೂ ಬರತೊಡಗಿ, ಅಕ್ಕಪಕ್ಕದ ಪೋರ್ಷನ್ನುಗಳ ಬಾಡಿಗೆ ನೋಡನೋಡುತ್ತಿದ್ದಂತೆ ಇಮ್ಮಡಿಯಾಗಿತ್ತು. ಹಳೆಯ ಬಾಡಿಗೆಗೇ ಕುಳಿತ ಹನುಮಂತರಾಯರನ್ನು ಎಬ್ಬಿಸುವುದು ಹೇಗೆಂದು ಅವನು ಎರಡು ವರ್ಷದಿಂದ ಊಟದ ತಟ್ಟೆಯ ಮುಂದೆ ಮಾತಾಡುತ್ತಿದ್ದ. ಕಮಲಾಕ್ಷಿ ಅದನ್ನು ಗಂಡಸರ ಗೊಣಗಾಟವೆಂದುಕೊಂಡು ಸಾರು ಬಡಿಸುತ್ತಿದ್ದಳು.

ಆಂಬುಲೆನ್ಸು ಬಂದಾಗ ಓಣಿಯಲ್ಲಿ ಬಿಸಿಲು ಏರಿತ್ತು. ದಾನೇಶ್ವರಿ ಇಳಿದು ನೇರ ಗೇಟಿನವರೆಗೆ ಬಂದು, ಬೀಗ ನೋಡಿ ನಿಂತಳು. ಅಳುತ್ತಿದ್ದವಳ ಅಳು ಅಲ್ಲಿಗೇ ನಿಂತಿತು. ರಾಯಚೂರಿನಿಂದ ಬಂದಿದ್ದ ಅವಳ ತಮ್ಮ ಕಲ್ಲೇಶ ಗೇಟಿನ ಸರಳು ಹಿಡಿದುಕೊಂಡ.

"ಕಾಕಾ, ಒಂದು ತಾಸ್ರಿ. ಸ್ನಾನಾ ಮಾಡಿಸಿ ಒಯ್ತೀವಿ. ಅಕ್ಕನ ಮನಿ ಅದು."

"ಮನಿ ನಂದಪ್ಪಾ. ನನಗೂ ದುಃಖ ಐತಿ, ಇಲ್ಲ ಅನ್ನಾಂಗಿಲ್ಲ. ಆದ್ರ ಇಲ್ಲೀ ಪದ್ಧತಿ ಹಿಂಗ ಐತಿ, ನಾ ಏನ್ ಮಾಡ್ಲಿ?"

ಎದುರು ಮನೆಯ ಓನರು ಬಾಲ್ಕನಿಯಿಂದ ಬಗ್ಗಿ, ಯಾರೂ ಒಳಗೆ ಬಿಡುವುದಿಲ್ಲ, ಸುಮ್ಮನೆ ಸ್ಮಶಾನಕ್ಕೇ ಒಯ್ಯಿರಿ ಎಂದು ತೆಲುಗಿನಲ್ಲಿ ಕಲ್ಲೇಶನಿಗೆ ಬುದ್ಧಿ ಹೇಳಿದ. ಕಲ್ಲೇಶ ಇನ್ನೂ ಏನೋ ಹೇಳುವುದರಲ್ಲಿದ್ದ. ದಾನೇಶ್ವರಿ ಅವನ ತೋಳು ಹಿಡಿದೆಳೆದಳು.

"ಬ್ಯಾಡ ಬಿಡೋ. ಕೇಳ್ಕೊಬ್ಯಾಡ." ಆಮೇಲೆ ಕಮಲಾಕ್ಷಿಯ ಕಡೆ ತಿರುಗಿ, "ಅಕ್ಕಾರ, ಟ್ರಂಕಿನ್ಯಾಗ ಒಂದು ಹೊಸಾ ಧೋತರ ಐತ್ರಿ. ಅಷ್ಟು ತಂದು ಕೊಡ್ರಿ" ಎಂದಳು.

ತನ್ನದೇ ಮನೆಯ ಬಟ್ಟೆಯನ್ನು ಅವಳು ರಸ್ತೆಯಲ್ಲಿ ನಿಂತು ಬೇಡುತ್ತಿದ್ದಳು. ಕಮಲಾಕ್ಷಿ ಗಂಡನ ಮುಂದೆ ಕೈ ಚಾಚಿದಳು.

"ಕೀಲಿಕೈ ಕೊಡ್ರಿ."

"ಧೋತರ ತಂದು ಗೇಟಿನ ಮ್ಯಾಲಿಂದ ದಾಟಿಸು. ಗೇಟ್ ಯಾಕ?"

"ನಾ ಹೊರಗ ಹೋಗಬೇಕು."

ಅವಳು ಮೇಲೆ ಹೋಗಿ ಧೋತರ ತಂದ ಮೇಲೆ ಅವನು ತಾನೇ ಹೋಗಿ, ಅವಳೊಬ್ಬಳು ಓರೆಯಾಗಿ ನುಸುಳುವಷ್ಟು ಗೇಟು ತೆರೆದು, ಮತ್ತೆ ಬೀಗ ಹಾಕಿದ.

ಓಣಿಯ ಬದಿಯ ಬೇವಿನ ಮರದ ಕೆಳಗೆ, ಯಾರೋ ತಂದ ಬೆಂಚಿನ ಮೇಲೆ ಹನುಮಂತರಾಯರನ್ನು ಮಲಗಿಸಿದರು. ನೀರಿಗೇನು ಮಾಡುವುದೆಂದು ಕಲ್ಲೇಶ ಅತ್ತಿತ್ತ ನೋಡುವಾಗ, ಕಾಂಪೌಂಡಿನ ಮೇಲಿಂದ ತೋಟಕ್ಕೆ ನೀರು ಬಿಡುವ ಹಸಿರು ಪೈಪು ಇಳಿದು ಬಂತು. ಒಳಗಿನಿಂದ ಬಸವಲಿಂಗಪ್ಪನ ದನಿ ಕೇಳಿಸಿತು. "ನೀರು ಎಷ್ಟು ಬೇಕಾದ್ರೂ ತಗೊಳ್ರಿ. ಸಂಕೋಚ ಮಾಡಬ್ಯಾಡ್ರಿ."

ಕಮಲಾಕ್ಷಿ ಮತ್ತು ದಾನೇಶ್ವರಿ ಒಂದು ಸೀರೆಯ ಎರಡು ತುದಿ ಹಿಡಿದು ಮರೆ ಮಾಡಿದರು. ಕಲ್ಲೇಶ ಪೈಪು ಹಿಡಿದು ಭಾವನಿಗೆ ಸ್ನಾನ ಮಾಡಿಸಿದ. ನೀರು ಸಿಮೆಂಟು ರಸ್ತೆಯ ಮೇಲೆ ಹರಿದು ಮೋರಿಯ ಕಡೆ ಹೋಯಿತು. ಸ್ಕೂಟರಿನವನೊಬ್ಬ ಹಾರ್ನು ಹೊಡೆದು, ಎರಡೂ ಕಾಲು ಮೇಲೆತ್ತಿಕೊಂಡು ಆ ನೀರನ್ನು ದಾಟಿದ. ಒಳಗಿನಿಂದ ಮತ್ತೊಮ್ಮೆ, "ಸಾಕಾತೇನ್ರಿ? ಬಂದ್ ಮಾಡ್ಲಾ?" ಎಂಬ ಪ್ರಶ್ನೆ ಬಂತು. ಕಮಲಾಕ್ಷಿ ಸೀರೆಯ ತುದಿಯನ್ನು ಇನ್ನಷ್ಟು ಎತ್ತಿ ಹಿಡಿದಳು.

ಸಂಜೆ ಅವಳು ಒಳಗೆ ಬಂದಾಗ ಅವನು ಮೊಸರನ್ನ ಕಲಸಿಕೊಂಡು ಉಣ್ಣುತ್ತಿದ್ದ. ಬೆರಳುಗಳನ್ನು ಒಂದೊಂದಾಗಿ ಚೀಪಿ, "ಪಾಪ, ಭಾಳ ಛಲೋ ಮನಷ್ಯಾ. ಬಾಡಿಗಿ ಎಂದೂ ತಡಾ ಮಾಡಿರಲಿಲ್ಲ" ಎಂದ. ಮೀಸೆಯಲ್ಲಿ ಮೊಸರು ಅಂಟಿತ್ತು. ಆ ಬಾಯಿಯನ್ನು ಇಷ್ಟು ವರ್ಷ ಹೇಗೆ ನೋಡಿಕೊಂಡು ಬಂದೆನೋ ಎನಿಸಿತು ಅವಳಿಗೆ.

"ನಾ ಸತ್ತರ ಎಲ್ಲಿ ಇಡ್ತೀರಿ?"

"ಏನ್ ಮಾತಂತ ಆಡ್ತಿ. ನೀ ಏನ್ ಬಾಡಿಗಿಯಾಕಿ ಏನು? ಓನರ್ ಹೇಣ್ತಿ." ಅವನು ಅದನ್ನು ಯೋಚಿಸದೆ ಹೇಳಿದ, ಸಮಾಧಾನ ಮಾಡುವ ದನಿಯಲ್ಲೇ ಹೇಳಿದ.

ಕಮಲಾಕ್ಷಿ ಅಂದಿನಿಂದ ಅವನ ಎದುರು ಕುಳಿತು ಉಣ್ಣುವುದನ್ನು ಬಿಟ್ಟಳು. ಅವನಿಗೆ ಅದು ಗೊತ್ತಾಗಲಿಲ್ಲ. ಆ ವಾರದೊಳಗೇ ದಾನೇಶ್ವರಿ ಸಾಮಾನು ಕಟ್ಟಿಕೊಂಡು ತಮ್ಮನೊಂದಿಗೆ ರಾಯಚೂರಿಗೆ ಹೊರಟುಹೋದಳು. ಇನ್ನೊಂದು ತಿಂಗಳು ಇರುವೆನೆಂದು ಅವಳು ಕೇಳಲಿಲ್ಲ, ಇರೆಂದು ಬಸವಲಿಂಗಪ್ಪ ಅನ್ನಲೂ ಇಲ್ಲ. ಟೆಂಪೋ ಹತ್ತುವಾಗ ಅವಳು ಕಮಲಾಕ್ಷಿಯ ಕೈ ಹಿಡಿದುಕೊಂಡಳು. ಆದರೆ ಮನೆಯ ಕಡೆ ತಿರುಗಿ ನೋಡಲಿಲ್ಲ.

ಬಸವಲಿಂಗಪ್ಪ ಹುರುಪಿನಿಂದ ಓಡಾಡಿದ. ಮೇಲೆ ತಿಳಿಹಳದಿ ಬಣ್ಣ ಹೊಡೆಸಿದ, ಅಡುಗೆಮನೆಯ ಕಟ್ಟೆಗೆ ಕರಿಗಲ್ಲು ಹಾಕಿಸಿದ. ಎರಡನೆಯ ವಾರದಲ್ಲಿ ಮೈಸೂರಿನ ಕಡೆಯ ಗಂಡಹೆಂಡತಿ ಮನೆ ನೋಡಲು ಬಂದರು. ಸೃಜನ್, ಅನ್ವಿತಾ. ಇಬ್ಬರೂ ಐಟಿ ಕೆಲಸದವರು. ಕನ್ನಡ ಕೇಳಿ ಅನ್ವಿತಾಳ ಮುಖ ಅರಳಿತು. ಆಫೀಸಿನ ಹತ್ತಿರದ ಬಾಡಿಗೆಗಳಿಗೆ ಹೆದರಿ, ದೂರವಾದರೂ ಸರಿ ಎಂದು ಹುಡುಕುತ್ತ ಬಂದಿದ್ದರು. ಆದರೂ ಬಸವಲಿಂಗಪ್ಪ ಹೇಳಿದ ಬಾಡಿಗೆ ಕೇಳಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಹನುಮಂತರಾಯರು ಕೊಡುತ್ತಿದ್ದುದರ ಎರಡೂವರೆ ಪಟ್ಟು.

"ಇಲ್ಲಿ ಮುಂಚೆ ಯಾರಿದ್ರು ಅಂಕಲ್?" ಎಂದ ಸೃಜನ್.

"ರೈಲ್ವೆದವರ್ರಿ. ರಿಟಾಯರ್ ಆಗಿ ಊರಿಗೆ ಹೋದ್ರು. ಭಾಳ ಏಳಗಿ ಆತ್ರಿ ಅವರದು ಈ ಮನ್ಯಾಗ. ಒಂದು ಕೆಟ್ಟದ್ದು ಅನ್ನೂದು ಆಗಿಲ್ಲ."

ಚಹಾದ ತಟ್ಟೆ ಹಿಡಿದು ನಿಂತಿದ್ದ ಕಮಲಾಕ್ಷಿಯ ಕಡೆ ತಿರುಗಿ, "ಹೌದಲ್ಲ?" ಎಂದೂ ಕೇಳಿದ. ಅವಳು ತಟ್ಟೆಯನ್ನು ಕೆಳಗಿಟ್ಟು ಒಳಗೆ ಹೋದಳು. ಭಾನುವಾರ ಅಡ್ವಾನ್ಸ್ ತರುತ್ತೇವೆಂದು ಅವರು ಹೋದರು.

ಶುಕ್ರವಾರ ಅವನು ಬಸವ ಜಯಂತಿ ನಡೆಸುವ ಸಂಘದ ಸಭೆಗೆ ಹೋಗಿದ್ದಾಗ ಕಮಲಾಕ್ಷಿ ತನ್ನ ಹಾಸಿಗೆಯನ್ನು ಸುತ್ತಿ ಮೇಲಕ್ಕೊಯ್ದಳು. ಸೀರೆಗಳು, ಒಂದು ಹಂಚು, ಲಟ್ಟಣಿಗೆ, ಸಣ್ಣ ಒಲೆ, ಜೋಳದ ಹಿಟ್ಟಿನ ಡಬ್ಬಿ ಎಲ್ಲವನ್ನೂ ಮೊಣಕಾಲು ನೋಯುವವರೆಗೆ ಹತ್ತಿಸಿದಳು. ಅವನು ಮರಳಿದಾಗ ಮೇಲಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು.

ಮೊದಲ ದಿನ ಅವನು ನಕ್ಕ. ಮರುದಿನ ಬಾಗಿಲು ಬಡಿದ.

"ಕಮಲಾ, ಏನ್ ನಾಟಕಾ ಇದು? ಮಂದಿ ಏನಂತಾರ? ನಾ ಏನ್ ತಪ್ಪು ಮಾಡೀನಿ, ಹೇಳು. ಎಲ್ಲಾರೂ ಮಾಡೂದೇ ಮಾಡೀನಿ."

ದನಿಯಲ್ಲಿ ನಿಜವಾದ ಗೊಂದಲವಿತ್ತು. ಅವನಿಗೆ ತಿಳಿದಿಲ್ಲವೆಂಬುದೇ ಅವಳಿಗೆ ಎಲ್ಲಕ್ಕಿಂತ ಹೇಸಿಗೆ ಹುಟ್ಟಿಸಿತು. ಒಳಗಿನಿಂದಲೇ, "ಕೆಳಗ ಅನ್ನ ಸಾರು ಮಾಡ್ಕೊರಿ. ಬ್ಯಾಳಿ ಡಬ್ಬಿ ಮ್ಯಾಲಿನ ಹಲಗಿ ಮ್ಯಾಲ ಐತಿ" ಎಂದಳು.

ಭಾನುವಾರ ಸೃಜನ್ ಮತ್ತು ಅನ್ವಿತಾ ಬಂದರು. ಬಸವಲಿಂಗಪ್ಪ ಅವರನ್ನು ಕೆಳಗೇ ಕೂರಿಸಿ ಅಡ್ವಾನ್ಸ್ ಇಸಿದುಕೊಳ್ಳಲು ನೋಡಿದ. ಕಿಟಕಿಗಳ ಅಳತೆ ಬೇಕು, ಪರದೆ ಹೊಲಿಸಬೇಕೆಂದು ಅನ್ವಿತಾ ಮೆಟ್ಟಿಲು ಹತ್ತಿಬಿಟ್ಟಳು. ಬಾಗಿಲು ತೆರೆದ ಕಮಲಾಕ್ಷಿಯನ್ನೂ ಒಳಗೆ ಹಾಸಿದ್ದ ಹಾಸಿಗೆಯನ್ನೂ ನೋಡಿ ತಬ್ಬಿಬ್ಬಾದಳು.

"ಆಂಟಿ, ನೀವು ಇಲ್ಲೇ ಇದೀರಾ?"

"ಹೌದವ್ವಾ. ಈ ಮನಿ ಖಾಲಿ ಇಲ್ಲ."

"ಮತ್ತೆ ಅಂಕಲ್ಲು..."

"ಅವರು ಓನರು, ಕೆಳಗ ಇರ್ತಾರ. ನಾ ಬಾಡಿಗಿಯಾಕಿ." ಅವಳು ಹುಡುಗಿಯ ಭುಜ ಮುಟ್ಟಿದಳು. "ಇಲ್ಲಿದ್ದ ರಾಯರು ತೀರಿಕೊಂಡಾರವ್ವಾ. ಈ ಗೇಟಿನ ಹೊರಗ, ರಸ್ತಾದ ಮ್ಯಾಲ ಅವರಿಗೆ ನೀರು ಹಾಕಿದ್ರು. ನೀ ಬ್ಯಾರೆ ಕಡೆ ನೋಡು."

ಹಿಂದೆಯೇ ಹತ್ತಿ ಬಂದಿದ್ದ ಬಸವಲಿಂಗಪ್ಪ ನಡುಮೆಟ್ಟಿಲಲ್ಲಿ ನಿಂತಿದ್ದ. ಹುಡುಗಿಯ ಎದುರು ಬೈಯುವಂತಿರಲಿಲ್ಲ. ಅನ್ವಿತಾ ಅವನನ್ನು ಮುಟ್ಟದಂತೆ ಗೋಡೆಗೆ ಒತ್ತಿಕೊಂಡು ಕೆಳಗಿಳಿದಳು. ಸ್ವಲ್ಪ ಹೊತ್ತಿಗೆ ಗೇಟು ಹಾಕಿದ ಸದ್ದಾಯಿತು. ಕಮಲಾಕ್ಷಿ ಬಾಗಿಲು ಮುಚ್ಚಿ ಒಳಗೆ ಬಂದಳು.

ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಅವಳು ಹಿಂದಿನ ಕಿಟಕಿಯನ್ನು ನೂಕಿ ತೆರೆದಳು. ಮನೆ ಕಟ್ಟಿಸಿ ಇಷ್ಟು ವರ್ಷವಾದರೂ ಆ ಕಿಟಕಿಯಲ್ಲಿ ಅವಳು ಎಂದೂ ನಿಂತು ನೋಡಿರಲಿಲ್ಲ. ತಾರಸಿಗಳಾಚೆ ರೈಲ್ವೆ ಹಳಿ ಕಾಣುತ್ತಿತ್ತು. ಸಿಗ್ನಲ್ ಸಿಗದೆ ಒಂದು ಉದ್ದನೆಯ ಗಾಡಿ ನಿಂತಿತ್ತು. ಜನ ಕೆಳಗಿಳಿದು ಕೈಕಾಲು ಸಡಿಲಿಸುತ್ತಿದ್ದರು. ಒಬ್ಬಾಕೆ ಬೋಗಿಯ ಬಾಗಿಲಲ್ಲಿ ಕುಳಿತು ಬಾಟಲಿಯ ನೀರಿನಿಂದ ಮುಖ ತೊಳೆದುಕೊಂಡು, ಸೆರಗಿನಲ್ಲಿ ಒರೆಸಿಕೊಂಡಳು. ಕಮಲಾಕ್ಷಿ ತಟ್ಟೆಯಲ್ಲಿ ರೊಟ್ಟಿ ಹಾಕಿಕೊಂಡು ಕಿಟಕಿಯ ಪಕ್ಕ ಕುಳಿತಳು. ಹಳಿಯ ಮೇಲಿದ್ದವರೆಲ್ಲ ಒಬ್ಬೊಬ್ಬರಾಗಿ ಹತ್ತಿಕೊಂಡರು. ಗಾಡಿ ಒಮ್ಮೆ ಜಗ್ಗಿ, ನಿಧಾನವಾಗಿ ಸರಿಯತೊಡಗಿತು.