ಕಂಬದಕ್ಕ

ದೊಡ್ಡಮ್ಮ ಹೋದ ಸುದ್ದಿ ಬಂದಾಗ ನಾನು ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಕೆಲಸದ ಮೇಲಿದ್ದೆ. ಫೋನಿಟ್ಟ ಮೇಲೂ ಸಾಲಿನಲ್ಲಿದ್ದ ನಾಲ್ವರ ಎಕ್ಸ್‌ರೇ ತೆಗೆದೆ. ಒಬ್ಬರ ಮೊಣಕಾಲು, ಇಬ್ಬರ ಎದೆ, ಒಂದು ಮಗುವಿನ ಮಣಿಕಟ್ಟು. ನಾಲ್ಕೂ ಸ್ಪಷ್ಟವಾಗಿ ಬಂದವು. ಆಮೇಲೆ ಡಾಕ್ಟರಿಗೆ ಹೇಳಿ ಹೊರಟೆ.

ದೊಡ್ಡಮ್ಮ ಅಂದರೆ ಅಮ್ಮನ ಒಬ್ಬಳೇ ಅಕ್ಕ. ಟೆಲಿಫೋನ್ ಇಲಾಖೆಯಲ್ಲಿ ಕಂಬ ಹತ್ತಿ ತಂತಿ ಸರಿಮಾಡುವ ಕೆಲಸ, ಮೂವತ್ತೊಂದು ವರ್ಷ. ಆ ಕೆಲಸಕ್ಕೆ ಸೇರಿದ ಮೊದಲ ಹೆಂಗಸು. ಜೊತೆಯವರು ‘ಕಂಬದಕ್ಕ’ ಅನ್ನುತ್ತಿದ್ದರು. ಮದುವೆಯ ಮಾತೆತ್ತಿದರೆ, “ನಾನು ಮಾಡಿದ ಅಡುಗೆ ನನಗೇ ಸೇರಲ್ಲ, ಇನ್ನೊಬ್ಬನಿಗೆ ಯಾಕೆ ಶಿಕ್ಷೆ?” ಅಂತ ಎದ್ದುಹೋಗುತ್ತಿದ್ದಳು. ರಜೆ ಬಂತೆಂದರೆ ಹಕ್ಕಿ ನೋಡಲು ಊರಾಚೆಯ ಗುಡ್ಡ. ಕೊರಳಲ್ಲಿ ದುರ್ಬೀನು, ಚೀಲದಲ್ಲೊಂದು ನೋಟ್‌ಬುಕ್. ಅಮ್ಮನಿಗೆ ಅದು ಕೊನೆಯವರೆಗೂ ನುಂಗಲಾರದ ತುತ್ತು.

ಎಪ್ಪತ್ತೆರಡನೇ ವಯಸ್ಸಿನಲ್ಲಿ ಅದೇ ಗುಡ್ಡದ ಮೇಲೆ, ಬಂಡೆಗೆ ಒರಗಿ ಕೂತಲ್ಲೇ ಹೃದಯ ನಿಂತಿತು.

ವಾರದ ನಂತರ ಅವಳ ಹಳೆಯ ಸಹೋದ್ಯೋಗಿಗಳು ಅವಳ ನೆನಪಿಗೆಂದು ಟೆಲಿಫೋನ್ ಆಫೀಸಿನ ಮಹಡಿಯಲ್ಲಿ ಸೇರಿದರು. ಒಬ್ಬ ವಯಸ್ಸಾದ ವಕೀಲರೂ ಬಂದಿದ್ದರು.

“ನಮ್ಮನೆ ಫೋನು ಹದಿನೈದು ದಿನದಿಂದ ಸತ್ತಿತ್ತು,” ಅಂದರು ಅವರು. “ಬೈಯೋಣ ಅಂತ ಕಂಬದ ಹತ್ರ ಇವರನ್ನ ಹುಡುಕ್ಕೊಂಡು ಹೋದೆ. ‘ಮೊದಲು ಏಣಿ ಹತ್ತಿ ನೋಡಿ, ಆಮೇಲೆ ಬೈಯಿರಿ’ ಅಂದ್ರು. ಹತ್ತಿದೆ. ತಂತಿ ಪೆಟ್ಟಿಗೆಯೊಳಗೆ ಗುಬ್ಬಚ್ಚಿ ಗೂಡು, ಅದಕ್ಕೇ ಅವರು ಕೈ ಹಾಕಿರಲಿಲ್ಲ. ನಾಲ್ಕು ಮರಿ. ನಾನೇ ಅವುಗಳ ಅಮ್ಮ ಅಂದ್ಕೊಂಡು ಬಾಯಿ ತೆರೆದ್ವು!”

ಎಲ್ಲರೂ ಗೊಳ್ಳೆಂದು ನಕ್ಕರು.

“ದೂರು ಕೊಡಲಿಲ್ವಾ ಸಾರ್?” ಅಂತ ಯಾರೋ ಕೇಳಿದರು.

“ಆಗಲೇ ಕೊಟ್ಟಾಗಿತ್ತಲ್ಲ! ವಾಪಸ್ ತಗೊಳ್ಳೋಷ್ಟರಲ್ಲಿ ಪಾಪ, ಹತ್ತು ದಿನ ಸಸ್ಪೆಂಡ್. ತಪ್ಪಾಯ್ತು ಅಂದ್ರೆ, ‘ಒಳ್ಳೇದೇ ಆಯ್ತು ಬಿಡಿ, ಹತ್ತೂ ದಿನ ಗುಡ್ಡಕ್ಕೆ ಹೋಗ್ಬಹುದು’ ಅಂದ್ರು.”

ನಗುತ್ತಲೇ ಕೆಲವರು ಕಣ್ಣೊರೆಸಿಕೊಂಡರು. ನನ್ನನ್ನೂ ಎರಡು ಮಾತಾಡಲು ಕರೆದರು. ಎದ್ದು ನಿಂತೆ. “ಎಲ್ಲರೂ ಬಂದಿದ್ದಕ್ಕೆ ಸಂತೋಷ,” ಅಂದು ಕೂತೆ. ಎಂಥ ಮಾತು ಆಡಿದೆ ಅಂತ ನಾಚಿಕೆಯಾಗಬೇಕಿತ್ತು. ಆಗಲಿಲ್ಲ.

ಮರುದಿನ ಅಮ್ಮನೂ ನಾನೂ ದೊಡ್ಡಮ್ಮನ ಕೋಣೆ ಖಾಲಿ ಮಾಡಲು ಹೋದೆವು. ಒಂಟಿ ಮಂಚ, ಒಂಟಿ ಕುರ್ಚಿ, ಕಪಾಟಿನ ತುಂಬ ನೋಟ್‌ಬುಕ್ಕು. ಅಮ್ಮ ಒಂದನ್ನು ತೆರೆದು ಓದಿದಳು: “ಇವತ್ತು ಒಂದು ಹಕ್ಕಿಯೂ ಕಾಣಲಿಲ್ಲ. ದಿನ ಚೆನ್ನಾಗಿತ್ತು.”

“ಏನೂ ಕಾಣದಿದ್ರೆ ಚೆನ್ನಾಗಿರೋದೇನು, ಇವಳ ತಲೆ!” ಅಂದಳು. ನೋಟ್‌ಬುಕ್ ಮುಚ್ಚಿ, “ಬಾರೇ ಅಂತ ಎಷ್ಟು ಸಲ ಕರೆದಳು. ಒಂದು ದಿನವೂ ಹೋಗಲಿಲ್ಲ ಕಣೇ ನಾನು,” ಅಂತ ಮಂಚದ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತಳು. ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ಸವರುತ್ತಿದ್ದ ಕೈ ಯಾರದೋ ಕೈಯಂತಿತ್ತು.

ಭಾನುವಾರ ನಾನೊಬ್ಬಳೇ ಗುಡ್ಡ ಹತ್ತಿದೆ. ಆ ದಿನ ದೊಡ್ಡಮ್ಮನನ್ನು ಮೊದಲು ಕಂಡ ಹುಲ್ಲು ಕುಯ್ಯುವ ಹೆಂಗಸು ಅಲ್ಲೇ ಸಿಕ್ಕಳು. ಬಂಡೆ ತೋರಿಸಿದಳು.

“ನಿದ್ದೆ ಮಾಡ್ತಿದ್ದಾರೆ ಅಂದ್ಕೊಂಡೆ ತಾಯಿ. ಎಬ್ಬಿಸೋದು ಬೇಡ ಅಂತ ಆ ಕಡೆ ಹೋಗಿ ಕುಯ್ದೆ. ಕೆಲಸ ಮುಗಿಸಿ ಬಂದು ಮಾತಾಡಿಸಿದ್ರೆ...” ಅಂದು ಸೆರಗಿನಿಂದ ಬೆವರು ಒರೆಸಿಕೊಂಡಳು. “ಮುಖ ಏನೂ ಕೆಟ್ಟಿರಲಿಲ್ಲ. ನೋವು ತಿಂದಂಗೆ ಕಾಣಲಿಲ್ಲ.”

“ಹೂಂ,” ಅಂದೆ.

ಬಂಡೆಗೆ ಒರಗಿ ಕೂತೆ. ಬಿಸಿಲಿಗೆ ಕಲ್ಲು ಕಾದಿತ್ತು. ಎದುರಿಗೆ ಹುಲ್ಲು, ಅದರಾಚೆ ಊರಿನ ಮನೆಗಳ ತಾರಸಿಗಳು. ಇರುವೆಯೊಂದು ಮೊಣಕೈವರೆಗೆ ಹತ್ತಿ ಇಳಿದುಹೋಯಿತು. ಅಳು ಬರಬಹುದು ಅಂತ ಕಾದೆ. ಬರಲಿಲ್ಲ. ಎಷ್ಟು ಹೊತ್ತು ಕೂತೆನೋ.

“ಹೊರೆಗೆ ಸ್ವಲ್ಪ ಕೈ ಕೊಡ್ತೀಯಾ ತಾಯಿ?” ಅಂತ ಆಕೆ ಕರೆದಳು.

ಎದ್ದು ಹೋಗಿ ಹುಲ್ಲಿನ ಹೊರೆಯನ್ನು ಅವಳ ತಲೆಗೆ ಎತ್ತಿಕೊಟ್ಟೆ. ಇಬ್ಬರೂ ಒಂದೇ ದಾರಿಯಲ್ಲಿ ಇಳಿದೆವು.