ಬಸ್ಸಿನ ಯಜಮಾನ

ಸಂಬಳದ ದಿನ ಬಂತೆಂದರೆ ಗಾಜು ಕತ್ತರಿಸುವವನಿಗೆ ಮೈಯೆಲ್ಲ ಉರಿ. ಆದಾಯ ತೆರಿಗೆ ಹಿಡಿದುಕೊಂಡು ಉಳಿದದ್ದನ್ನು ಕೈಗಿಡುತ್ತಿದ್ದರು. "ಬೆವರು ಸುರಿಸೋದು ನಾನು, ನುಂಗೋದು ಇನ್ಯಾರೋ" ಎಂದು ತಟ್ಟೆಯ ಮುಂದೆ ರಾಗ ತೆಗೆದರೆ ಅನ್ನ ಆರಿ ತಣ್ಣಗಾದರೂ ನಿಲ್ಲುತ್ತಿರಲಿಲ್ಲ. ಹೆಂಡತಿ ಬಸ್ ಡ್ರೈವರ್; ಕಂಡಕ್ಟರ್ ಇಲ್ಲದ ಬಸ್ಸು, ಟಿಕೆಟ್ ಕೊಡುವವಳೂ ಅವಳೇ. ದಿನವಿಡೀ ಹಾರ್ನ್ ಕೇಳಿದ ಕಿವಿಗೆ ಇದೂ ಬೇಕೇ ಅನ್ನಿಸಿ ಒಂದು ಸಂಜೆ ಅವಳು ಬಾಯಿಬಿಟ್ಟಳು.

"ಯಾರೂ ನುಂಗಲ್ಲ ರೀ. ನನ್ನ ಬಸ್ಸೇ ತಗೊಳ್ಳಿ. ಟಿಕೆಟ್ ದುಡ್ಡಲ್ಲಿ ಡೀಸೆಲ್ಲೂ ಹುಟ್ಟಲ್ಲ. ಮಿಕ್ಕಿದ್ದನ್ನ ಸರ್ಕಾರ ನಿಮ್ಮಂಥೋರ ತೆರಿಗೆಯಿಂದಾನೇ ತುಂಬೋದು."

ಹೇಳಿದ್ದೇ ತಪ್ಪಾಯಿತು. ಮಾರನೆಯ ದಿನದಿಂದ ಅದು ಅವನ ಬಸ್ಸು.

ಕೆಲಸ ಮುಗಿಸಿ ಅದನ್ನೇ ಕಾದು ಹತ್ತುವನು. ಕಿಟಕಿಗೆ ತಲೆಯಾನಿಸಿ ತೂಕಡಿಸುವವರನ್ನು, "ಎಣ್ಣೆ ತಲೆ, ಗಾಜು ಹಾಳು!" ಎಂದು ಎಬ್ಬಿಸುವನು. ಬರಬರುತ್ತ ವಿಚಾರಣೆಯೂ ಶುರುವಾಯಿತು: "ನೀವು ತೆರಿಗೆ ಕಟ್ತೀರಾ?"

"ನಾನು ಕಟ್ಟೋಕೆ ಶುರು ಮಾಡ್ದಾಗ ನೀನಿನ್ನೂ ಹುಟ್ಟಿರ್ಲಿಲ್ಲ, ಸರಿ ಆ ಕಡೆ" ಎಂದು ನಿವೃತ್ತ ಮೇಷ್ಟ್ರೊಬ್ಬರು ಗದರಿದರು. ಉಳಿದವರು ಡ್ರೈವರಮ್ಮನ ಗಂಡನೆಂದು ಸಹಿಸಿಕೊಂಡರು.

"ನನ್ನ ಸಂಬಳದಲ್ಲೂ ಹಿಡೀತಾರೆ. ಸ್ಟೇರಿಂಗ್ ನಂದು ಅಂತ ಯಾವತ್ತಾದ್ರೂ ಅಂದಿದ್ದೀನಾ?" ಎಂದು ಅವಳು ಮನೆಯಲ್ಲಿ ತಲೆ ಚಚ್ಚಿಕೊಂಡಳು. ಅವನು ತಲೆಯಾಡಿಸಿದ. ಬಸ್ಸಿನಲ್ಲಿ ಮತ್ತದೇ ಹಾಡು.

ಅಷ್ಟರಲ್ಲಿ ಸರ್ಕಾರ ಖರ್ಚು ಕಡಿಮೆ ಮಾಡಲು ಹೊರಟಿತು. ಖಾಲಿ ಓಡುವ ಬಸ್ಸುಗಳನ್ನು ನಿಲ್ಲಿಸುತ್ತಾರಂತೆ. ಈ ವಾರ ಇನ್ಸ್‌ಪೆಕ್ಟರ್ ಯಾವತ್ತಾದರೂ ಹತ್ತಿ ತಲೆ ಎಣಿಸುತ್ತಾರಂತೆ. ನಿಂತರೆ ಆಸ್ಪತ್ರೆಯಲ್ಲಿ ನೆಲ ಒರೆಸುವ ಹೆಂಗಸರಿಗೆ ಮನೆ ಸೇರಲು ಬೇರೆ ದಾರಿಯಿಲ್ಲ. ಅವಳನ್ನೂ ಹೆದ್ದಾರಿಯಾಚೆಯ ಡಿಪೋಗೆ ಎಸೆಯುತ್ತಾರೆ.

"ಈ ಒಂದು ವಾರ ಬಾಯಿಗೆ ಬೀಗ ಹಾಕ್ಕೊಳ್ಳಿ, ದಮ್ಮಯ್ಯ" ಎಂದಳು ಗಂಡನಿಗೆ.

ಗುರುವಾರ ಬಸ್ಸು ಕಿಕ್ಕಿರಿದಿತ್ತು. ಅವಳಿಗೆ ಸಮಾಧಾನ. ಆದರೆ ಯಾರೂ ಇಳಿಯದ ಶೈತ್ಯಾಗಾರದ ನಿಲ್ದಾಣದಲ್ಲಿ ಹಿಂದಿನ ಬಾಗಿಲಿನಿಂದ ಜನ ದಬದಬ ಇಳಿದರು. ಏನೆಂದು ತಿರುಗಿ ನೋಡುವಷ್ಟರಲ್ಲಿ ಹಿಂದಿದ್ದ ಲಾರಿ ಹಾರ್ನ್ ಬಾರಿಸಿತು, ಹೊರಟಳು. ಮುಂದಿನ ನಿಲ್ದಾಣದಲ್ಲಿ ಹತ್ತಿದವರು ಇನ್ಸ್‌ಪೆಕ್ಟರ್.

"ಒಬ್ಬರೇನಾ?" ಎಂದರು ಅವರು.

ಖಾಲಿ ಬಸ್ಸಿನ ನಡುವಿನ ಸೀಟಿನಲ್ಲಿ ಗಂಡನೊಬ್ಬನೇ ಕೈಕಟ್ಟಿ ಕುಳಿತಿದ್ದ.

"ಏನ್ರೀ ಮಾಡಿದ್ರಿ?" ಎಂದಳು ಅವಳು.

"ನಿನ್ನ ಒಳ್ಳೇದಕ್ಕೇ ಕಣೇ" ಎಂದು ಅವನು ಹತ್ತಿರ ಬಂದು ಪಿಸುಗುಟ್ಟಿದ. "ಹಿಂದೆ ಬಿಟ್ಟಿ ಬಸ್ಸು ಬರ್ತಿದೆ ಅಂತ ಹೇಳಿ ಎಲ್ಲರನ್ನೂ ಇಳಿಸಿದೆ. ಸಾಹೇಬ್ರು ನೋಡುವಾಗ ತೆರಿಗೆ ಕಟ್ಟೋರು ಮಾತ್ರ ಇರ್ಲಿ ಅಂತ."

ಅವಳ ಕೂಗು ಬಸ್ಸಿಡೀ ಕೇಳಿಸಿತು. "ಅವರಿಗೋಸ್ಕರಾನೇ ಅಲ್ವೇನ್ರೀ ಆ ದುಡ್ಡು ಹಾಕೋದು! ಕಟ್ಟಿದೋರನ್ನ ಮಾತ್ರ ಕೂರಿಸ್ಕೊಂಡು ಹೋಗೋಕೆ ಇದೇನು ನಿಮ್ಮ ಮದುವೆ ಕಾರಾ?"

ಮಾತು ಮುಗಿಯುವಷ್ಟರಲ್ಲಿ ವೃತ್ತ ಬಂದಿತ್ತು. ಅವಳು ಸ್ಟೇರಿಂಗನ್ನು ಪೂರ್ತಿ ತಿರುಗಿಸಿದಳು.

"ಏನಮ್ಮಾ ಇದು? ವಾಪಸ್ ಹೋಗೋ ಹಾಗಿಲ್ಲ!" ಇನ್ಸ್‌ಪೆಕ್ಟರ್ ಕಂಬಿ ಹಿಡಿದರು.

"ಬರ್ಕೊಳ್ಳಿ ಸಾರ್. ಮೊದಲು ನನ್ನ ಜನ ಹತ್ತಲಿ."

ಜನ ಶೈತ್ಯಾಗಾರದ ಬಳಿಯೇ ಇದ್ದರು, ಕೆಂಡವಾಗಿ. ಆಸ್ಪತ್ರೆಯ ಹೆಂಗಸೊಬ್ಬಳು ಹತ್ತಿ, ಗಂಡ ವಾಪಸ್ ಹೋಗಿ ಕೂತಿದ್ದ ಸೀಟಿನ ಬಳಿ ನೇರ ನಿಂತಳು. "ಏಳಿ ಯಜಮಾನ್ರೇ. ನಿಮ್ಮ ಬಿಟ್ಟಿ ಬಸ್ಸು ಕಾದೂ ಕಾದೂ ಕಾಲು ಬಿದ್ದೋಯ್ತು." ಎಲ್ಲರೂ ನಕ್ಕರು. ಅವನು ಎದ್ದ.

ಇನ್ಸ್‌ಪೆಕ್ಟರ್ ಸೀಟಿನ ಬೆನ್ನು ತಟ್ಟುತ್ತ ಎಣಿಸಿ ಮುಂದೆ ಬಂದರು. "ಇಷ್ಟು ಜನ ಇದ್ರೆ ಬಸ್ಸು ನಿಲ್ಸಲ್ಲ, ಬಿಡಿ. ಆದ್ರೆ ವಾಪಸ್ ತಿರುಗಿಸಿದ್ದಕ್ಕೆ ಈ ವರ್ಷದ ನಿಮ್ಮ ಇನ್‌ಕ್ರಿಮೆಂಟು ಹೋಯ್ತು."

"ಹೋಗ್ಲಿ ಸಾರ್" ಎಂದಳು.

ಗುಂಪಿನಲ್ಲಿ ನುಸುಳಿಕೊಂಡು ಬಂದ ಗಂಡ ಸಮಾಧಾನ ಹೇಳಿದ. "ಬೇಜಾರಾಗ್ಬೇಡ ಕಣೇ. ಸಂಬಳ ಏರದೇ ಇದ್ರೆ ತೆರಿಗೇನೂ ಏರಲ್ಲ."

ಅವಳು ಮುಂದಿನ ನಿಲ್ದಾಣದಲ್ಲಿ ಬಾಗಿಲು ತೆರೆದಳು. "ಇಳೀರಿ."

"ಮನೆ ಇನ್ನೂ ಎಷ್ಟು ದೂರ ಇದೆ!"

"ನಡ್ಕೊಂಡು ಬನ್ನಿ. ರಸ್ತೇನೂ ನಿಮ್ಮ ದುಡ್ಡಲ್ಲೇ ಹಾಕಿರೋದು."